ಬಿಳಿ ಚೀಟಿಯ ನೆರಳು

ತಣ್ಣಗಿದೆ, ಎಲ್ಲ ನೆರಳುಗಳೂ ತಣ್ಣಗೇ, ಹಿಂಡಿದ ಬಟ್ಟೆಯ ಹಾಗೆ, ಮೇಜಿನ ಮೇಲೆ ಹರವಿ ಅಂಗೈಯಿಂದ ಸುಕ್ಕು ತೀಡಿ ನಾಲ್ಕು ಮಡಿಕೆ ಹಾಕಿ ಕಪಾಟಿಗೆ — ಎರಡು ವರ್ಷದಿಂದ ಇದೇ ಕೆಲಸ, ಕಣ್ಣು ಮುಚ್ಚಿಯೂ ಮಡಿಸಿಯಾಳು, ಆದರೆ ಈ ನೆರಳಿನ ಎಡಗೈ ಮಾತ್ರ ಹೇಳಿದ್ದು ಕೇಳುತ್ತಿಲ್ಲ, ಕಿರುಬೆರಳು ಮಡಿಕೆಯಿಂದ ಹೊರಗೇ ಚಾಚುತ್ತಿದೆ, ಸೊಟ್ಟಗೆ, ಏನೇ, ನಿನ್ನ ಗಂಡನ ನೆರಳೇನೇ ಅದು, ಇಷ್ಟು ಹೊತ್ತು ಸವರ್ತಾ ಕೂತಿದೀಯ, ಮೇಲ್ವಿಚಾರಣೆಯ ದೊಡ್ಡಮ್ಮ ನಗುತ್ತಾಳೆ, ಮಡಿಸುವವಳ ತುಟಿಯೂ ತಾನಾಗಿ ನಗುತ್ತದೆ. ಗೋಡೆಯಿಂದ ಅವಳು ಜಾರಿದ ದಿನ ಕೈಯೊಡ್ಡಿದವನು ಅಣ್ಣ, ಅವಳಿಗೆ ಗೀರೂ ಆಗಲಿಲ್ಲ, ಅವನ ಕಿರುಬೆರಳು ಮುರಿದು ಹಾಗೇ ಕೂಡಿಕೊಂಡಿತು, ಅಳಬೇಡ ಪುಟ್ಟಿ, ಇನ್ನೂ ಒಂಬತ್ತು ಇವೆಯಲ್ಲ ಅಂದಿದ್ದ. ಹದಿನೆಂಟು ತುಂಬಿದವರೆಲ್ಲ ಕೋಟೆಗೆ ನೆರಳು ಒಪ್ಪಿಸಬೇಕು, ಅವಳಿಗೆ ಇನ್ನೂ ಹದಿನೇಳು, ಒಪ್ಪಿಸಿದ ಮೇಲೆ ಕೋಟೆಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ, ಸತ್ತರೂ ಕೊಡಲ್ಲ ಅಂದವನು ಅವನೊಬ್ಬನೇ, ವರ್ಷವಿಡೀ ಗಿರಣಿಯ ನೆಲಮಾಳಿಗೆಯಲ್ಲಿ ಅಡಗಿದ್ದ, ಅವಳು ತನ್ನ ಊಟದ ಅರ್ಧ ಕಟ್ಟಿ ಒಯ್ಯುತ್ತಿದ್ದಳು, ಮೊನ್ನೆ ಗಂಟು ಬಿಚ್ಚಲೇ ಇಲ್ಲ, ಹೊರಗೆ ಬಿಸಿಲು ಹೇಗಿದೆ ಅಂತ ಮಾತ್ರ ಕೇಳಿದ. ಕಿತ್ತುಕೊಂಡ ನೆರಳಿಗೆ ಕೆಂಪು ಚೀಟಿ, ತಾನಾಗಿ ತಂದು ಕೊಟ್ಟದ್ದಕ್ಕೆ ಬಿಳಿ, ಕೆಂಪಾಗಿದ್ದರೆ ಅತ್ತು ಹಗುರಾಗಬಹುದಿತ್ತು, ಮೂರು ಸಲ ತಿರುಗಿಸಿ ನೋಡಿದ್ದಾಳೆ, ಬಿಳಿಯೇ.

ಮಧ್ಯಾಹ್ನದ ಗಂಟೆಗೆ ಹಿಂಬಾಗಿಲ ಚಿಲಕ ತೆಗೆಯಬೇಕು, ಬೇಕರಿಯ ಗೆಳತಿ ಇನ್ನೈದು ಜನರ ಜೊತೆ ನುಗ್ಗಿ ಕಪಾಟುಗಳಲ್ಲಿರುವ ನೆರಳುಗಳನ್ನೆಲ್ಲ ಬಿಡಿಸುತ್ತಾಳೆ, ಉಪಾಯ ಅಣ್ಣನದೇ, ಆ ಚಿಲಕ ಕಿರುಗುಟ್ಟುತ್ತೆ ಕಣೋ ಎಂದು ಅವನೊಬ್ಬನಿಗೇ ಹೇಳಿದ್ದಳು, ಇವತ್ತು ಚಿಲಕದ ಮೇಲೆ ಎಣ್ಣೆ ಹೊಳೆಯುತ್ತಿದೆ, ಕೊನೆಯ ಕಪಾಟಿನ ಕೆಳಗೆ, ಹಿಂದೆ ಅಡಗಿ ನಿಂತ ಕಾವಲಿನವರ ಬೂಟುಗಳು, ನಾಲ್ಕು ಜೊತೆ, ಅಲುಗದೆ — ಯಾಕೋ, ಬಿಸಿಲಲ್ಲಿ ನಡೆಯೋ ಆಸೆ ಅಷ್ಟಿತ್ತಾ, ನನಗೆ ಒಂದು ಮಾತು, ಒಂದೇ ಒಂದು — ಗಂಟೆ ಹೊಡೆಯಿತು. ಮೂರು ಸಲ ತಟ್ಟಿ, ತೆಗೆಯದಿದ್ದರೆ ಓಡಿಬಿಡಿ, ಒಳಗಿರೋರು ಕೋಟೆಯ ಕಡೆ ಸೇರಿಕೊಂಡ್ರು ಅಂತ ತಿಳ್ಕೊಳ್ಳಿ, ಮತ್ತೆ ಅವರ ಹೆಸರೆತ್ತಬೇಡಿ, ಆ ನಿಯಮವೂ ಅಣ್ಣನದೇ. ಒಂದು. ಹೋಗಮ್ಮ, ಯಾರೋ ಬಾಗಿಲು ತಟ್ತಿದಾರೆ, ದೊಡ್ಡಮ್ಮನ ದನಿ ಎಂದೂ ಇಷ್ಟು ಮೆತ್ತಗಿರಲಿಲ್ಲ. ಎರಡು. ತೆಗೆದರೆ ಆರು ಜನ ಬಲೆಗೆ, ತೆಗೆಯದಿದ್ದರೆ ಗೆಳತಿಯ ಪಾಲಿಗೆ ಮೋಸ ಮಾಡಿದವಳು ಅವಳೇ, ಅಣ್ಣ ಎಲ್ಲರ ಬಾಯಲ್ಲೂ ವೀರನಾಗಿಯೇ ಉಳಿಯುತ್ತಾನೆ, ಬಾಗಿಲ ಸಂದಿಯಲ್ಲಿ ಗೆಳತಿಯ ಪಿಸುದನಿ, ಪುಟ್ಟೀ, ನಾನು ಕಣೇ. ಮೂರು. ಅವಳು ಮೇಜು ಬಿಟ್ಟು ಏಳುವುದಿಲ್ಲ. ಬಾಗಿಲಿಗೆ ಥೂ ಎಂದು ಉಗಿದ ಸದ್ದು, ಓಡುವ ಹೆಜ್ಜೆಗಳು, ದೂರ, ಇನ್ನೂ ದೂರ, ಈಗ ಬೂಟುಗಳು ಅವಳ ಕಡೆ ತಿರುಗಿವೆ, ಅವಳು ಮಡಿಸುತ್ತಾಳೆ, ಒಂದು ಮಡಿಕೆ, ಎರಡು, ಬೆರಳು ಹೊರಗೆ, ಒಳಗೆ ತೂರಿಸುತ್ತಾಳೆ, ಹೊರಗೆ, ಮತ್ತೆ ತೂರಿಸುತ್ತಾಳೆ, ಹೊರಗೆ, ಆ ಸೊಟ್ಟ ಕಿರುಬೆರಳು