ಒಂದು ಕೆನ್ನೆಯ ನೊರೆ

ಕತ್ತಿ ಹಿಡಿದಿರೋದೇ ಸರಿಯಿಲ್ಲ, ಹೆಬ್ಬೆರಳು ಅಷ್ಟು ಮುಂದೆ ಬಂದರೆ ಗದ್ದದ ತಿರುವಿನಲ್ಲಿ ಗಾಯ ಗ್ಯಾರಂಟಿ — ಪರದೆಯ ಮೇಲೆ ಗೆಳೆಯನ ಗಡ್ಡ ಹೆರೆಯುತ್ತಿರುವ ಸಿಪಾಯಿಗೆ ಕೂತಲ್ಲಿಂದಲೇ ಹೇಳಿಬಿಡೋಣ ಅನ್ನಿಸಿತು ಅವನಿಗೆ, ಮೂವತ್ತೆರಡು ವರ್ಷ ಜನರ ಗದ್ದ ನೋಡಿಕೊಂಡೇ ಬದುಕಿದ ಕ್ಷೌರಿಕನ ಕಣ್ಣು, ಅಂಗಡಿಗೆ ಬೀಗ ಹಾಕಿ ಮಧ್ಯಾಹ್ನದ ಆಟಕ್ಕೆ ಬಂದರೂ ಕಸುಬು ಬಿಡುವುದಿಲ್ಲ, ಕಪ್ಪು ಬಿಳುಪಿನ ಕಂದಕ, ಮೊಣಕಾಲುದ್ದ ಕೆಸರು, ಮದ್ದುಗುಂಡಿನ ಪೆಟ್ಟಿಗೆಯ ಮೇಲೆ ಕೂತು ಕತ್ತು ಒಡ್ಡಿರುವ ಎಳೆಮುಖದ ಸಿಪಾಯಿ, ಎರಡೂ ಕೆನ್ನೆಗೆ ಬೆಳ್ಳಗೆ ನೊರೆ, ಅವನ ಗೆಳೆಯ ನಾಲಿಗೆ ಕಚ್ಚಿಕೊಂಡು ಕತ್ತಿ ಆಡಿಸುತ್ತಿದ್ದಾನೆ, ಇಷ್ಟು ಹೊತ್ತಿಗೆ ಅಣ್ಣ ಎದ್ದುಬಿಡುತ್ತಿದ್ದ, ಏಳೋ, ಟೀ ಕುಡಿಯೋಣ ಬಾ, ಪ್ರತಿ ಸಲವೂ ಇಲ್ಲಿಗೇ, ಕತ್ತಿ ಕಂಡ ಕೂಡಲೇ, ಈ ಹಾಲಿವುಡ್ ಚಿತ್ರವನ್ನು ಇಬ್ಬರೂ ಸೇರಿ ಐದು ಸಲವಾದರೂ ನೋಡಿದ್ದಾರೆ, ಐದು ಸಲವೂ ಹೊರಗೆ ಟೀ, ಒಳಗೆ ಬಂದರೆ ಪರದೆಯ ಮೇಲೆ ಯಾರೋ ಸತ್ತಿರುತ್ತಿದ್ದರು. ಇವತ್ತು ಏಳೋ ಅನ್ನುವವರಿಲ್ಲ. ಅಣ್ಣ ಹೋಗಿ ಮೂರು ತಿಂಗಳು. ಗೋಡೆಯ ಮೇಲೆ ಪೋಸ್ಟರ್ ನೋಡಿ ಅತ್ತಿಗೆಯನ್ನು ಕರೆದರೆ, ನನ್ ಕೈಲಾಗಲ್ಲಪ್ಪ, ನೀನೇ ಹೋಗ್ ಬಾ, ನಾನು ಅಲ್ ಕೂತ್ಕೊಂಡು ಏನ್ ಮಾಡ್ಲಿ, ಅಂದು ಮುಖ ಆ ಕಡೆ ತಿರುಗಿಸಿಕೊಂಡಳು.

ಅಣ್ಣ ಹನ್ನೊಂದು ವರ್ಷ ಸೈನ್ಯದಲ್ಲಿದ್ದವನು, ಒಂದು ಯುದ್ಧವನ್ನೂ ಕಂಡು ಬಂದವನು, ಆದರೆ ಆ ಬಗ್ಗೆ ತುಟಿ ಪಿಟಕ್ಕೆಂದವನಲ್ಲ, ಹೇಗಿತ್ತಣ್ಣಾ ಅಲ್ಲಿ ಎಂದರೆ, ಚಳಿ ಕಣೋ, ಅಷ್ಟೇ, ಮುಗಿಯಿತು — ಈ ಕತ್ತಲೆಯಲ್ಲಿ ಮಾತ್ರ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಡುತ್ತಿದ್ದ, ಆ ಬೂಟ್ ನೋಡು, ಒದ್ದೆ ಬೂಟ್ ಹಾಕ್ಕೊಂಡ್ ನಡೆಯೋದು ಹಂಗೇ, ನೋಡು, ಶತ್ರುನ ಒಂದ್ ಸಲಾನೂ ತೋರ್ಸಲ್ಲ ಇವ್ರು, ಬಾವುಟ ಇಲ್ಲ, ಬ್ಯಾಂಡ್ ಇಲ್ಲ, ಗುಂಡು ಬಿದ್ದೋನ ಮುಖ ಬಿಟ್ಟು ಪಕ್ಕದಲ್ಲಿ ನಿಂತೋನ ಮುಖ ತೋರಿಸ್ತಾರೆ, ಸಿನಿಮಾ ಅಂದ್ರೆ ಇದು — ಭಾಷೆ ಇಬ್ಬರಿಗೂ ಅಷ್ಟಕ್ಕಷ್ಟೆ, ಆದರೂ ಅಣ್ಣ ಬಾಯಿ ಬಿಡುತ್ತಿದ್ದದ್ದು ಇಲ್ಲೊಂದೇ ಕಡೆ, ಅದಕ್ಕೇ ತಾನೆ ಇವನು ಕಟಿಂಗಿಗೆ ಕಾಯುವವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ ಓಡಿ ಬರುತ್ತಿದ್ದದ್ದು, ಸಿನಿಮಾ ನೆಪ, ಬೇಕಾಗಿದ್ದದ್ದು ಆ ಪಿಸುಮಾತು, ಆ ಬಿಸಿಯುಸಿರು. ಅಣ್ಣನ ಗಡ್ಡ ಮಾತ್ರ ಯಾವತ್ತೂ ತಮ್ಮನ ಕೈಗೆ ಬರಲಿಲ್ಲ, ಬೇರೆಯವರಿಗೆ ಕತ್ತು ಕೊಡಲ್ಲ ಕಣೋ ನಾನು, ಎಂದು ನಗುತ್ತಿದ್ದ, ತಮ್ಮ ಬೇರೆಯವನೇ, ಅದು ಎಲ್ಲೋ ಒಳಗೆ ಚುಚ್ಚಿಕೊಂಡೇ ಉಳಿಯಿತು.

ಪರದೆಯ ಮೇಲೆ ಒಂದು ಕೆನ್ನೆ ಆಯಿತು, ಪರವಾಗಿಲ್ಲ, ಕೈ ಪಳಗುತ್ತಿದೆ ಹುಡುಗನಿಗೆ, ಸಿಪಾಯಿ ಕಣ್ಣು ಮುಚ್ಚಿ ಏನೋ ಹೇಳಿ ನಗುತ್ತಾನೆ, ಆಗ ದಾಳಿಯ ಸೀಟಿ, ಉದ್ದಕ್ಕೆ, ಎಲ್ಲರೂ ಎದ್ದರು, ಏಣಿ ಹತ್ತಿದರು, ಆ ಸಿಪಾಯಿಯೂ ಹೆಲ್ಮೆಟ್ ಎಳೆದುಕೊಂಡು ಹಾಗೇ ಹತ್ತಿದ, ಇನ್ನೊಂದು ಕೆನ್ನೆಯ ನೊರೆ ಹಾಗೇ ಇದೆಯಲ್ಲ, ಒರೆಸಿಕೊಳ್ಳೋ, ಒರೆಸಿಕೊಂಡು ಹೋಗೋ — ಕ್ಯಾಮೆರಾ ಅವನ ಹಿಂದೆ ಹೋಗಲೇ ಇಲ್ಲ, ಕತ್ತಿ ಹಿಡಿದ ಗೆಳೆಯನ ಮುಖದ ಮೇಲೆ ನಿಂತಿತು, ಅವನು ಕತ್ತಿಯ ನೊರೆಯನ್ನು ತೋಳಿಗೆ ಒರೆಸಿ, ಮಡಿಸಿ, ಜೇಬಿಗೆ ಹಾಕಿಕೊಂಡು ಏಣಿಗೆ ಕಾಲಿಟ್ಟ. ಕ್ಷೌರಿಕನಿಗೆ ಥಟ್ಟನೆ ನೆನಪಾಯಿತು. ಆಸ್ಪತ್ರೆಯ ಕೊನೆಯ ವಾರ, ಅಣ್ಣ ತಾನಾಗಿಯೇ, ಇವತ್ತು ನೀನೇ ಮಾಡೋ, ಎಂದು ಗದ್ದ ಎತ್ತಿದ್ದು, ಆ ತೆಳುವಾದ ಕತ್ತು, ಬೆರಳಿಗೆ ತಾಗಿದ ನಾಡಿ, ಒಂದು ಕೆನ್ನೆ ಮುಗಿಯುವಷ್ಟರಲ್ಲಿ ನರ್ಸಮ್ಮ ಬಂದು, ಡಾಕ್ಟ್ರು ಬರ್ತಿದಾರೆ, ಮಿಕ್ಕಿದ್ದು ಆಮೇಲೆ ಮಾಡಿ, ಎಂದದ್ದು, ಅಣ್ಣ ಇವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು, ಎಲ್ಲಿತ್ತೋ ಆ ಬಲ, ಅರ್ಧಕ್ಕೆ ಬಿಡಬೇಡ್ವೋ, ಮುಗ್ಸು, ಮೊದ್ಲು ಮುಗ್ಸು — ಜ್ವರದ ತಲೆ ಎಂದುಕೊಂಡಿದ್ದ ಇವನು. ಮುಗಿಸಿಯೂ ಇದ್ದ, ಡಾಕ್ಟರನ್ನು ಬಾಗಿಲಲ್ಲೇ ನಿಲ್ಲಿಸಿ, ಅಣ್ಣ ಎರಡೂ ಕೆನ್ನೆ ಸವರಿಕೊಂಡು ಕಣ್ಣು ತುಂಬಿಕೊಂಡಿದ್ದ, ಉರಿಯುತ್ತಾ ಎಂದು ಕೇಳಿದೆನಲ್ಲ ನಾನು, ಕೇಳಬಾರದ್ದನ್ನೇ ಕೇಳಿದೆನಲ್ಲ, ಅಲ್ಲಿ ಯುದ್ಧದಲ್ಲಿ ಅರ್ಧ ಗಡ್ಡದಲ್ಲೇ ಎದ್ದು ಹೋದೋನು ಯಾರಣ್ಣಾ, ಅವನ ಹೆಸರೇನು, ಕತ್ತಿ ಹಿಡಿದಿದ್ದೋನು ನೀನಾ ಎಂದು ಕೇಳಬೇಕಿತ್ತು, ಕೇಳಿದ್ದರೆ ಹೇಳುತ್ತಿದ್ದನೇನೋ, ಹೇಳದಿದ್ದರೂ ಮಣಿಕಟ್ಟು ಇನ್ನಷ್ಟು ಹೊತ್ತು ಹಿಡಿದುಕೊಂಡಿರುತ್ತಿದ್ದ — ಪರದೆಯ ಮೇಲೆ ಗುಂಡುಗಳು, ಹೊಗೆ, ಓಡುವವರು, ಬೀಳುವವರು, ಯಾರು ಬಿದ್ದರೋ ಯಾರು ಉಳಿದರೋ ಅವನಿಗೆ ಕಾಣುತ್ತಿಲ್ಲ, ಕಾಣುವುದು ಒಂದು ಕೆನ್ನೆ, ಅದರ ಮೇಲೆ ನೊರೆ, ಅಂಚಿನಿಂದ ಒಣಗುತ್ತ ಬರುವ ನೊರೆ, ಬೆಳ್ಳಗೆ, ಒಂದು ಕೆನ್ನೆ, ನೊರೆ