ಹದಿನೇಳು ಗಂಡು

"ಗಂಡು ಯಾವುದು ಹೆಣ್ಣು ಯಾವುದು ಗೊತ್ತಾಗದ ಬೋಳಿಮಗ ನೀನು! ನಿನ್ನ ಹೆಂಡ್ತಿ ನಿನ್ ಜೊತೆ ಹ್ಯಾಗೋ ಸಂಸಾರ ಮಾಡಿದ್ಲು?"

ಮೀನುಗಾರಿಕೆ ಇಲಾಖೆಯ ಸಾಹೇಬ ಹೀಗಂದಾಗ ಬಾಗಿಲಲ್ಲಿದ್ದ ಜವಾನ ಕಿಸಕ್ಕನೆ ನಕ್ಕ. ಬಲೆಗಾರ ತಲೆ ಎತ್ತಲಿಲ್ಲ. ಪ್ರಯೋಗಾಲಯದ ನುಣುಪು ನೆಲದ ಮೇಲೆ ಅವನ ಬರಿಗಾಲಿನ ಹಸಿ ಗುರುತು ಮೂಡಿತ್ತು. ಪಕ್ಕದ ಬಕೆಟ್ಟಿನಲ್ಲಿ ಬೆಳಿಗ್ಗೆ ಹಿಡಿದ ಮೀನು ಬಾಲ ಬಡಿಯುತ್ತಿತ್ತು.

ಹೊಳೆದಂಡೆಯವರು ಅವನನ್ನು 'ಸೂಲಗಿತ್ತಿ' ಎಂದು ಚುಡಾಯಿಸುತ್ತಿದ್ದರು. ಮೀನಿನ ಹೊಟ್ಟೆಗೆ ಅವನ ಹೆಬ್ಬೆರಳು ಸವರಿದರೆ ಸಾಕು: ಬಿಳಿ ಹಾಲು ಜಿನುಗಿದರೆ ಗಂಡು, ಮೊಟ್ಟೆ ಉದುರಿದರೆ ಹೆಣ್ಣು. ಹೊಳೆಗೆ ಕೊಳೆನೀರು ಬಿಡುವ ಕಾರ್ಖಾನೆಯ ಪೈಪಿನ ಕೆಳಗೆ ಇಪ್ಪತ್ತು ಗಂಡುಗಳನ್ನು ಹಾಗೆಯೇ ಆರಿಸಿ ಪರೀಕ್ಷೆಗೆ ಕೊಟ್ಟಿದ್ದ. ಬಾಲದ ಬುಡಕ್ಕೆ ಸೂಜಿ ಚುಚ್ಚಿ ರಕ್ತ ತೆಗೆದವಳು ಪರೀಕ್ಷೆಯ ಹುಡುಗಿ. ಹದಿನೇಳರ ರಕ್ತದಲ್ಲಿ ಮೊಟ್ಟೆಗೆ ಹಳದಿ ಕಟ್ಟುವ ಪ್ರೋಟೀನು ಸಿಕ್ಕಿತ್ತು. ಅದು ಹೆಣ್ಣಿನಲ್ಲಷ್ಟೇ ಇರಬೇಕಾದ್ದು.

"ಅಣ್ಣನ ತಪ್ಪಿಲ್ಲ ಸಾರ್," ಎಂದಳು ಅವಳು. "ಆ ಪೈಪಿನ ನೀರೇ ಗಂಡುಮೀನಿನ ಮೈಗೆ 'ನೀನು ಹೆಣ್ಣು' ಅಂತ ಸುಳ್ಳು ಹೇಳ್ತಿದೆ."

"ನೀನು ಬಾಯಿ ಮುಚ್ಕೊಂಡು ಶೀಶೆ ತೊಳಿ."

ಅವಳು ನಲ್ಲಿ ತಿರುಗಿಸಿದಳು. ಸಾಹೇಬ ಬಲೆಗಾರನತ್ತ ಕಾಗದ ತಳ್ಳಿದ. "ಹೆಣ್ಣನ್ನೇ ಗಂಡು ಅಂತ ಕೊಟ್ಟೆ, ತಪ್ಪಾಯ್ತು ಅಂತ ಬರೆದಿದೆ. ಹೆಬ್ಬೆಟ್ಟು ಒತ್ತು. ಇಲ್ಲಾಂದ್ರೆ ದೋಣಿಯ ಪರವಾನಗಿ ರದ್ದು."

"ಒತ್ತಿದ್ರೆ ಪೈಪಿನ ಗತಿ ಏನು ಸಾಹೇಬ್ರೆ?"

"ಪೈಪಿಗೇನೋ ಧಾಡಿ? ಅದರ ಪಾಡಿಗೆ ಅದು ಹರಿಯುತ್ತೆ."

ಬಲೆಗಾರನ ಸೊಸೆ ಆ ಹೊಳೆಯ ನೀರನ್ನೇ ಹೊತ್ತು, ಅದನ್ನೇ ಕುಡಿದು, ಈಗ ಆರು ತಿಂಗಳ ಬಸುರಿ. "ಹೊಳೆ ಮೀನು ತಿನ್ಬಹುದಾ ಮಾವ?" ಎಂದು ನಿನ್ನೆ ಕೇಳಿದ್ದಳು.

ಬಲೆಗಾರ ಬಕೆಟ್ಟಿಗೆ ಕೈ ಹಾಕಿ, ಅದೇ ಪೈಪಿನ ಕೆಳಗೆ ಹಿಡಿದು ತಂದಿದ್ದ ಮೀನನ್ನೆತ್ತಿ ಮೇಜಿನ ಮೇಲೆ ಒತ್ತಿ ಹಿಡಿದ. ಹೆಬ್ಬೆರಳು ಸವರಿದ. ಬಿಳಿ ಹಾಲು ಕಾಗದದ ಮೇಲೆ ತೊಟ್ಟಿಕ್ಕಿತು.

"ನೋಡು. ಇದು ಗಂಡಲ್ಲ ಅಂದ್ರೆ ನೀನೂ ಅಲ್ಲ."

"ಏಯ್! ಎತ್ತೋ ಅದನ್ನ, ಸೂಳೆಮಗನೆ!"

ಬಲೆಗಾರ ಸೊಂಟದ ಚೂರಿ ತೆಗೆದು ಮೀನಿನ ಹೊಟ್ಟೆ ಸೀಳಿದ. ಹಾಲಿನ ಚೀಲ ಬೆಳ್ಳಗೆ ಹೊರಬಂತು. ಅದನ್ನೂ ಸೀಳಿದ. ಒಳಗೆ, ಆ ಬಿಳುಪಿನ ನಡುವೆ, ಸಾಸಿವೆಯಷ್ಟು ಸಣ್ಣ ಹಳದಿ ಮೊಟ್ಟೆಗಳು.

ನಲವತ್ತು ವರ್ಷದಲ್ಲಿ ಅವನು ಇಂಥದ್ದನ್ನು ಕಂಡಿರಲಿಲ್ಲ. ಹುಡುಗಿ ನಲ್ಲಿ ನಿಲ್ಲಿಸಿದಳು.

ಜವಾನ ಒರೆಸುವ ಬಟ್ಟೆ ಹಿಡಿದು ಓಡಿಬಂದ. ಬಲೆಗಾರ ಚೂರಿಯನ್ನು ಅಡ್ಡ ಹಿಡಿದ.

"ಮುಟ್ಟಬೇಡ ತಮ್ಮಾ. ಗಂಡಿನೊಳಗೇ ಮೊಟ್ಟೆ ಕಟ್ಟಿದೆ. ಮೊದ್ಲು ಇವನು ನೋಡ್ಲಿ."

ಸಾಹೇಬ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂತ. ಬಲೆಗಾರ ಹೆಬ್ಬೆಟ್ಟು ಒತ್ತದೆ ನಿಂತೇ ಇದ್ದ.