ಇಪ್ಪತ್ತಮೂರನೇ ರೂಮಿನ ಸಿಗ್ನಲ್

ಬೆಳಗ್ಗೆ ಒಂಬತ್ತಕ್ಕೆ ಚೆನ್ನಾಗಿದ್ದ ಸಿಗ್ನಲ್ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿಗೆ ಹೋಯಿತು ಎಂಬುದು ಭಾನುಪ್ರಿಯಾಳಿಗೆ ತಿಳಿಯಲಿಲ್ಲ.

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲ್ ಒಂದಿದೆ. ಅಲ್ಲಿ ಹೊಸದಾಗಿ ವೈಫೈ ಹಾಕುವ ಗುತ್ತಿಗೆ ಹರ್ಷವರ್ಧನ್ ಎಂಬವರದು. ಸೀಲಿಂಗಿಗೆ ಕೂರಿಸುವ, ತಟ್ಟೆಯಷ್ಟಗಲದ, ಸಿಗ್ನಲ್ ಬಿಡುವ ಬಿಳಿ ಡಬ್ಬಿಗಳು, ಅಂದರೆ ಆಕ್ಸೆಸ್ ಪಾಯಿಂಟುಗಳು, ಒಟ್ಟು ಹನ್ನೆರಡು. ಅವು ಎಲ್ಲೆಲ್ಲಿ ಬರಬೇಕೆಂದು ಹರ್ಷವರ್ಧನ್ ಕಟ್ಟಡದ ನಕ್ಷೆ ನೋಡಿಕೊಂಡು ಕಂಪ್ಯೂಟರಿನಲ್ಲೇ ಗುರುತು ಹಾಕಿದ್ದರು. ಆ ಗುರುತುಗಳು ಸರಿಯಿವೆಯೇ ಎಂದು ಜಾಗಕ್ಕೇ ಹೋಗಿ ಅಳೆದು ಬರುವುದು ಭಾನುಪ್ರಿಯಾಳ ಕೆಲಸ. ಅವಳು ಮಲ್ಲಿಪಟ್ಟಣದ ಗಂಗಯ್ಯನವರ ಮಗಳು. ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಉದ್ದನೆಯ ಸ್ಟ್ಯಾಂಡಿಗೆ ಅಂಥದ್ದೊಂದು ಡಬ್ಬಿ ಕಟ್ಟಿ ಗುರುತಿದ್ದಲ್ಲಿ ನಿಲ್ಲಿಸಿ, ಲ್ಯಾಪ್‌ಟಾಪ್ ಹಿಡಿದು ರೂಮು ರೂಮು ಸುತ್ತಿ, ಬಂದ ಅಂಕಿ ಬರೆದುಕೊಳ್ಳುತ್ತಿದ್ದಳು. ಮೈನಸ್ ಅರವತ್ತರ ಆಸುಪಾಸಿದ್ದರೆ ಗಟ್ಟಿ ಸಿಗ್ನಲ್. ಎಂಬತ್ತಕ್ಕೆ ಹೋಯಿತೆಂದರೆ ಇದ್ದೂ ಇಲ್ಲದ ಹಾಗೆ.

ಎರಡನೇ ಮಹಡಿಯ ಕಾರಿಡಾರ್ ಅರ್ಧ ದಾರಿಯಲ್ಲಿ ಮೊಣಕೈ ಮಡಿಸಿದಂತೆ ಎಡಕ್ಕೆ ತಿರುಗುತ್ತದೆ. ತಿರುವಿನ ಒಳಮೂಲೆಯಲ್ಲಿ ಬೀಗ ಜಡಿದ ಒಂದು ಕೋಣೆ. ನಕ್ಷೆಯಲ್ಲಿ ಅದು ‘ಸ್ಟೋರ್’. ಆಕ್ಸೆಸ್ ಪಾಯಿಂಟಿನ ಗುರುತಿದ್ದದ್ದು ತಿರುವಿಗೆ ಮೊದಲು. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದನೇ ರೂಮುಗಳು ತಿರುವಿನಾಚೆ. ಸಿಗ್ನಲ್ ಆ ಸ್ಟೋರನ್ನು ತೂರಿಕೊಂಡೇ ಅಲ್ಲಿಗೆ ಹೋಗಬೇಕು. ಬೆಳಗ್ಗೆ ಇಪ್ಪತ್ತಮೂರರಲ್ಲಿ ಮೈನಸ್ ಐವತ್ತೆಂಟು ಬಂದಿತ್ತು. ಮಧ್ಯಾಹ್ನ ಇನ್ನೊಮ್ಮೆ ನೋಡಿದರೆ ಎಂಬತ್ತೊಂದು.

ಲ್ಯಾಪ್‌ಟಾಪ್ ಆರಿಸಿ ಹಚ್ಚಿದಳು. ತನ್ನ ಫೋನಿನಲ್ಲಿ ನೋಡಿದಳು. ಕಬ್ಬಿಣದ ಬೀರು ಅಡ್ಡ ಬಂದಿರಬಹುದೆಂದು ಅದನ್ನು ಪಕ್ಕಕ್ಕೆ ತಳ್ಳಿಸಿದಳು. ಅಂಕಿ ಜಪ್ಪಯ್ಯ ಎನ್ನಲಿಲ್ಲ.

ಬೀರು ತಳ್ಳಲು ಕೈಹಚ್ಚಿದವಳು ಆ ರೂಮಿನ ಹುಡುಗಿ ಮಾನ್ಯ, ಚನ್ನರಾಯಪಟ್ಟಣದ ಕಡೆಯವಳು. ಮಂಚದ ಮೇಲೆ ಕಾಲು ಮಡಿಸಿ ಕೂತು ಹೇಳಿದಳು: “ಹಳೇ ರೂಟರ್ದೂ ಇದೇ ಗೋಳು ಅಕ್ಕ. ಅದೂ ನಿಮ್ ಡಬ್ಬಿ ನಿಲ್ಸಿರೋ ಕಡೆನೇ, ತಿರುವಿನ್ ಆಚೆ ಐತಲ್ಲ. ಬೆಳಗ್ಗೆ ನೆಟ್ ಬತ್ತದೆ, ಆಮೇಲೆ ಓಗ್ಬುಡ್ತದೆ. ಒಂದ್ಸಲ ಮಾತ್ರ ಮೂರು ದಿನ ಬಿಡದಂಗೆ ಬಂತು.”

“ಯಾವಾಗ?”

“ಬೋರಿನ ಮೋಟಾರ್ ಸುಟ್ಟೋಗಿತ್ತಲ್ಲ, ಆವಾಗ. ಸ್ನಾನಕ್ಕೆ ನೀರಿಲ್ಲ, ನೆಟ್ ಮಾತ್ರ ಜೋರು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.”

ಭಾನುಪ್ರಿಯಾ ನಗಲಿಲ್ಲ. ಮೋಟಾರಿಗೂ ಸಿಗ್ನಲ್ಲಿಗೂ ಏನು ಸಂಬಂಧ? ಮೋಟಾರ್ ಓಡುವಾಗ ಕರೆಂಟಿನಲ್ಲೇನಾದರೂ ಏರುಪೇರಾಗುತ್ತಿರಬಹುದೇ? ಕಿಟಕಿಯಿಂದ ಹಿತ್ತಲಿಗೆ ಇಣುಕಿದಳು. ಮೋಟಾರ್ ನಿಂತು ಒಂದು ಗಂಟೆಯಾಗಿದೆ ಎಂದಳು ಮಾನ್ಯ. ಆದರೂ ಅಂಕಿ ಎಂಬತ್ತೊಂದರಲ್ಲೇ ಇತ್ತು. ಹಾಗಾದರೆ ಮೋಟಾರ್ ಅಲ್ಲ.

ಹರ್ಷವರ್ಧನ್‌ಗೆ ಫೋನ್ ಮಾಡಿದಳು. “ಮಧ್ಯದಲ್ಲಿರೋದು ಬರೀ ಇಟ್ಟಿಗೆ ಗೋಡೆ ಕಣ್ರೀ ಭಾನು” ಎಂದರು ಅವರು. “ಬೆಳಗ್ಗೆ ಬಂದ ರೀಡಿಂಗ್ ಬರ್ಕೊಂಡು ಮುಂದಿನ ರೂಮಿಗೆ ಹೋಗಿ.”

ಬರೆದುಕೊಂಡಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಮನಸ್ಸಾಗಲಿಲ್ಲ. ಸಾಲದ್ದಕ್ಕೆ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿತ್ತು: ಮೋಟಾರ್ ಎತ್ತಿದ ನೀರು ಹೋಗುವುದೆಲ್ಲಿಗೆ? ಟೆರೇಸ್ ಹತ್ತಿದಳು. ಬಟ್ಟೆ ಒಣಹಾಕುವ ತಂತಿಗಳಿದ್ದವು, ಮುರಿದ ಮಂಚವೊಂದಿತ್ತು. ಒಂದೇ ಒಂದು ಟ್ಯಾಂಕಿರಲಿಲ್ಲ.

ಅಡುಗೆಮನೆಯಲ್ಲಿ ಮುದ್ದಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಹಾಸ್ಟೆಲ್ ಶುರುವಾದಾಗಿನಿಂದ ಅಲ್ಲಿ ಅಡುಗೆಯವರು. ಮೋಟಾರಿನ ಸ್ವಿಚ್ಚೂ ಅವರ ಸುಪರ್ದಿಯಲ್ಲೇ. ಭಾನುಪ್ರಿಯಾ ಪಕ್ಕದಲ್ಲಿ ಕೂತು ತಾನೂ ನಾಲ್ಕು ಕಾಯಿ ಕೈಗೆತ್ತಿಕೊಂಡಳು.

“ಅಮ್ಮ, ಈ ಹಾಸ್ಟೆಲ್ ನೀರಿನ ಟ್ಯಾಂಕ್ ಎಲ್ಲೈತೆ?”

“ಎಲ್ಲಿರ್ತದೆ? ಎಲ್ಡನೇ ಮಾಡೀಲಿ, ರೂಮ್ನಾಗೆ.”

“ರೂಮ್ನಾಗಾ?”

“ಊಂ ಕಣವ್ವ. ಮೊದ್ಲು ಮ್ಯಾಲೇ ಮಡಗಿದ್ರು. ಕೋತಿಗಳು ಮುಚ್ಚಳ ಕಿತ್ತಾಕಿ ಒಳಕ್ಕಿಳ್ದು ಈಜಾಡೋವು. ಆ ನೀರ್ನಾಗೆ ಮಕ್ಕಳು ಮೊಕ ತೊಳೀಬೇಕಾ? ಆವಾಗಿದ್ದ ವಾರ್ಡನಮ್ಮ ಒಳಗಡೀಕೇ ತೊಟ್ಟಿ ಕಟ್ಟಿಸ್ಬುಟ್ರು.”

ಮುದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡು ಬೀಗದ ಕೈ ಗೊಂಚಲು ಹಿಡಿದು ಮೇಲೆ ಬಂದರು. ಸ್ಟೋರಿನ ಬಾಗಿಲು ಕಿರುಗುಟ್ಟುತ್ತಾ ತೆರೆಯಿತು. ಒಳಗೆ ಸಾಮಾನುಗಳೇನೂ ಇರಲಿಲ್ಲ. ಮೊಣಕಾಲೆತ್ತರದ ಕಟ್ಟೆಯ ಮೇಲೆ, ಗೋಡೆಯಿಂದ ಗೋಡೆಗೆ, ಹೆಚ್ಚುಕಮ್ಮಿ ಸೂರಿನವರೆಗೂ ಎದ್ದು ನಿಂತ ಸಿಮೆಂಟಿನ ತೊಟ್ಟಿ. ಪಕ್ಕದಲ್ಲೊಂದು ಕಬ್ಬಿಣದ ಏಣಿ. ಭಾನುಪ್ರಿಯಾ ಹತ್ತಿ ಇಣುಕಿದಳು. ಕಂಠಪೂರ್ತಿ ನೀರು, ತಣ್ಣಗೆ, ಅಲುಗಾಡದೆ ನಿಂತಿತ್ತು.

ನೀರು ವೈಫೈಯನ್ನು ಹೀರಿಕೊಳ್ಳುತ್ತದೆಂದು ಅವಳು ಓದಿದ್ದಳು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದೂ ಇದ್ದಳು. ಅದು ಹೀಗೆ ಒಂದು ಕೋಣೆಯ ತುಂಬ ಎದುರಿಗೆ ನಿಂತೀತೆಂದು ಎಣಿಸಿರಲಿಲ್ಲ.

“ಬೆಳಗ್ಗೆ ಎಷ್ಟೊತ್ತಿಗೆ ಖಾಲಿಯಾಗ್ತದಮ್ಮ?”

“ಸ್ನಾನ ಗೀನ ಮುಗಿಯೋಷ್ಟ್ರಲ್ಲಿ ತಳ ಕಾಣ್ತದೆ. ಅತ್ತು ಗಂಟೆಗೆ ಮೋಟಾರ್ ಆಕ್ತೀನಿ, ಅನ್ನೊಂದಕ್ಕೆ ತುಂಬ್ತದೆ. ಸಂಜೀಕೆ ಇನ್ನೊಂದು ಕಿತ.”

ಮಾರನೇ ದಿನ ಹತ್ತು ಗಂಟೆಗೆ ಮೋಟಾರ್ ಹಾಕಿ ಬಂದ ಮುದ್ದಮ್ಮ ಏಣಿಯ ಮೇಲೆ ಸೌಟು ಹಿಡಿದು ನಿಂತರು. ಭಾನುಪ್ರಿಯಾ ಇಪ್ಪತ್ತಮೂರರಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ತರಗತಿಗೆ ಹೋಗದ ಮಾನ್ಯ ಮಧ್ಯದ ಕಾರಿಡಾರಿನಲ್ಲಿ ನಿಂತು ಆ ಕಡೆ ಕೂಗಿದ್ದನ್ನು ಈ ಕಡೆ ಮುಟ್ಟಿಸತೊಡಗಿದಳು.

“ತಳದಾಗೆ ಒಂದು ಸೌಟು ನೀರಂತೆ ಅಕ್ಕ!”

“ಐವತ್ತೆಂಟು.”

“ಅರ್ಧ ತುಂಬ್ತಂತೆ!”

“ಅರವತ್ತಾರು.”

“ಮುಕ್ಕಾಲಂತೆ!”

“ಎಪ್ಪತ್ತನಾಲ್ಕು! ಅಮ್ಮಂಗೆ ಹೇಳು, ಇಳೀತಾ ಐತೆ!”

“ನೀರು ಏರ್ತಾ ಐತಲ್ಲವ್ವಾ, ಇಳೀತಾ ಐತೆ ಅಂತೀಯಲ್ಲ!” ಎಂದು ಮುದ್ದಮ್ಮ ಅಲ್ಲಿಂದಲೇ ಕೂಗಿದರು.

ಈ ಗಲಾಟೆಗೆ ವಾರ್ಡನ್ ಸ್ನೇಹಲತಾ ಮೇಲೆ ಬಂದರು. ಯಾರು ಏನು ಹೇಳಲು ಹೋದರೂ ಕೈಯೆತ್ತಿ ತಡೆದು ಮೊದಲು ಸ್ಟೋರಿನೊಳಗೆ ಹೋದರು, ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದರು. “ನಾಲ್ಕು ವರ್ಷ ಆಯ್ತು ನಾನು ಬಂದು. ಈ ಬಾಗಿಲೇ ತೆಗೆದಿರಲಿಲ್ಲ” ಎಂದರು. ಆಮೇಲೆ ಇಪ್ಪತ್ತಮೂರಕ್ಕೆ ಬಂದು ಭಾನುಪ್ರಿಯಾಳ ಪಕ್ಕ ಮಂಚದ ಮೇಲೆ ಕೂತರು. ಅಂಕಿ ಎಂಬತ್ತೊಂದಕ್ಕೆ ಹೋಗಿ ನಿಲ್ಲುವವರೆಗೂ ಏಳಲಿಲ್ಲ.

“ಈಗೇನು ಮಾಡ್ತೀರಿ?”

“ತಿರುವಿನ ಈಚೆ ಕಡೆ ಒಂದು ಹಾಕ್ಬೇಕು ಮೇಡಂ. ಆದ್ರೆ ಇರೋದು ಹನ್ನೆರಡೇ. ಹದಿಮೂರನೇದು ಸಿಗಲ್ಲ.” ಭಾನುಪ್ರಿಯಾ ಹೇಳಿಯೇಬಿಟ್ಟಳು: “ನಿಮ್ಮ ಆಫೀಸಿಗೆ ಅಂತ ಒಂದು ಇದೆಯಲ್ಲ, ಅದನ್ನ ಇಲ್ಲಿಗೆ ತರಬಹುದು.”

ಸ್ನೇಹಲತಾ ಅವಳನ್ನೇ ನೋಡಿದರು. “ಅದು ನಾನೇ ಕೇಳಿ ಹಾಕಿಸಿದ್ದು. ಹಾಜರಾತಿ ನಾನು ಮಧ್ಯಾಹ್ನ ಮೂರಕ್ಕೆ ಫೋನಲ್ಲಿ ಕಳಿಸ್ಬೇಕು, ಗೊತ್ತಾ?”

“ಊಟದ ಹಾಲ್‌ಗೆ ಹಾಕೋ ಡಬ್ಬಿ ನಿಮ್ಮ ಬಾಗಿಲ ಎದುರಿಗೇ ಬರ್ತದೆ ಮೇಡಂ. ಅದ್ರಿಂದ ನಿಮ್ಮ ಟೇಬಲ್ ಹತ್ರ ಎಷ್ಟು ಬರ್ತದೆ ಅಂತ ನಿನ್ನೆನೇ ಅಳ್ದಿದೀನಿ. ಅರವತ್ನಾಲ್ಕು. ಬಾಗಿಲು ಹಾಕಿದ್ರೆ ಎಪ್ಪತ್ತು.”

“ಹಾಕಿದ್ರೆ ಎಪ್ಪತ್ತಾ?”

“ಹೂಂ. ಸುಳ್ಳು ಹೇಳಲ್ಲ.”

ಸ್ನೇಹಲತಾ ಎದ್ದು ಕೆಳಗಿಳಿದು ಹೋದರು. ಭಾನುಪ್ರಿಯಾಳಿಗೆ ಮಾತು ಹೆಚ್ಚಾಯಿತೇನೋ ಎನಿಸಿತು. ಅರ್ಧ ಗಂಟೆಯ ನಂತರ ಹರ್ಷವರ್ಧನ್ ಫೋನ್ ಬಂತು.

“ವಾರ್ಡನ್ ಮೇಡಂ ಫೋನ್ ಮಾಡಿದ್ರು ಕಣ್ರೀ. ರೂಮೊಳಗೆ ತೊಟ್ಟಿ ಇದೆಯಂತಲ್ಲ? ನಕ್ಷೇಲಿ ಸ್ಟೋರ್ ಅಂತ ಇತ್ತಲ್ರೀ!”

“ನಕ್ಷೆ ಬರೆದ ಮೇಲೆ ಕೋತಿ ಬಂದ್ವು ಸರ್.”

ಆ ಕಡೆಯಿಂದ ಜೋರು ನಗು. “ಸರಿ, ಆಫೀಸಿಂದು ಇಪ್ಪತ್ನಾಲ್ಕನೇ ರೂಮಿನ ಮುಂದಕ್ಕೆ ಹಾಕ್ಸಿ. ಮತ್ತೆ ಅರಕಲಗೂಡು, ಚನ್ನರಾಯಪಟ್ಟಣದ ಹಾಸ್ಟೆಲ್‌ಗೆ ಇನ್ನೂ ಗುರುತು ಹಾಕಿಲ್ಲ. ಮೊದಲು ನೀವು ಹೋಗಿ ಸುತ್ತಿ ಬನ್ನಿ, ಆಮೇಲೆ ಹಾಕ್ತೀನಿ.”

ಮುಂದಿನ ವಾರ ಡಬ್ಬಿಗಳು ಸೀಲಿಂಗಿಗೇರಿದವು. ತೊಟ್ಟಿ ತುಂಬಿದ್ದರೂ ಮೂರೂ ರೂಮುಗಳಲ್ಲಿ ಅಂಕಿ ಮೈನಸ್ ಐವತ್ತಕ್ಕಿಂತ ಕೆಳಗಿಳಿಯಲಿಲ್ಲ. ವಾರ್ಡನ್ ಆಫೀಸಿನಲ್ಲಿ ಮಾತ್ರ ಬಾಗಿಲು ಹಾಕಿದರೆ ಹಾಜರಾತಿ ಕಳಿಸುವಾಗ ಫೋನು ಸ್ವಲ್ಪ ತಿಣುಕುತ್ತಿತ್ತು. ಸ್ನೇಹಲತಾ ಎರಡು ದಿನ ನೋಡಿದರು, ಮೂರನೇ ದಿನ ಬಾಗಿಲಿಗೆ ಒಂದು ಕಲ್ಲು ಒತ್ತಿಟ್ಟು ತೆರೆದೇ ಬಿಟ್ಟರು. ಮಧ್ಯಾಹ್ನ ಊಟ ಮುಗಿಸಿ ಹೋಗುವ ಹುಡುಗಿಯರು, ಮುಂಚೆ ಆ ಬಾಗಿಲು ತಟ್ಟಲು ಹೆದರುತ್ತಿದ್ದವರು, ಈಗ ಒಳಗೆ ಇಣುಕಿ “ಮೇಡಂ, ಊಟ ಆಯ್ತಾ?” ಎಂದು ಕೇಳಿ ಹೋಗತೊಡಗಿದರು.